ಚಳಿಗಿಂತ ಹೊಗೆಗೆ ಹೆದರಿ: ಚಿಕ್ಕಬಳ್ಳಾಪುರದ ಚಳಿಗಾಲದಲ್ಲಿ ಪುಟ್ಟ ಮಕ್ಕಳ ಆರೈಕೆ

ಕಾರ್ತಿಕದ ದೀಪ ಹಚ್ಚೋ ಹೊತ್ತಿಗೆ ಚಿಕ್ಕಬಳ್ಳಾಪುರಕ್ಕೆ ಚಳಿ ಬಂದಿರುತ್ತದೆ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪಕ್ಕದಲ್ಲೇ 1,478 ಮೀಟರಿನ ನಂದಿ ಬೆಟ್ಟ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 12ರಿಂದ 15 ಡಿಗ್ರಿಗೆ ಇಳಿಯುತ್ತದೆ. ಮಧ್ಯಾಹ್ನ ನೋಡಿದರೆ 26, 27 ಡಿಗ್ರಿ. ಕೋಲಾರ, ತುಮಕೂರಿನ ಕಡೆಯೂ ಹೆಚ್ಚುಕಮ್ಮಿ ಹೀಗೇ.

ಈ ಚಳಿಗೆ ಆರೋಗ್ಯವಾಗಿರುವ ಮಗು ತಡೆದುಕೊಳ್ಳುತ್ತದೆ. ನೆಗಡಿ ತರುವುದು ವೈರಸ್. ಚಳಿ ಅಂತ ಎಲ್ಲರೂ ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಸೇರಿದಾಗ ಅದು ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ದಾಟುತ್ತದೆ. ಅದರ ಮೇಲೆ ಸಾಂಬ್ರಾಣಿ ಹೊಗೆ, ಕೆಂಡದ ಹೊಗೆ, ಸೊಳ್ಳೆ ಬತ್ತಿಯ ಹೊಗೆ. ಮಗುವಿನ ಎದೆಗೆ ಚಳಿ ಮಾಡುವುದಕ್ಕಿಂತ ಜಾಸ್ತಿ ತೊಂದರೆ ಈ ಹೊಗೆ ಮಾಡುತ್ತದೆ. ಅದಕ್ಕೇ ಮಗುವನ್ನು ಬೆಚ್ಚಗೆ ಇಡಿ, ಆದರೆ ಗಾಳಿ ಆಡಲಿ, ಹೊಗೆ ಬೇಡ. ಕೆಳಗೆ ಬರೆದಿರುವ ಎಲ್ಲದರಲ್ಲೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ದೀಪಾವಳಿ ಮುಗಿದ ವಾರದಲ್ಲೇ ತಯಾರಿ

ಮೊದಲು ಬೀರುವಿನಿಂದ ಸ್ವೆಟರು, ಕುಲಾವಿ, ರಗ್ಗು ಎಲ್ಲ ಹೊರಗೆ ತೆಗೆಯಿರಿ. ಹೋದ ವರ್ಷ ನುಸಿ ಗುಳಿಗೆ ಹಾಕಿಟ್ಟಿದ್ದರೆ ಆ ವಾಸನೆಯ ಬಟ್ಟೆಯನ್ನು ಹಾಗೇ ಮಗುವಿಗೆ ಹಾಕಬೇಡಿ. ಅದರಲ್ಲಿರುವ ನ್ಯಾಫ್ತಲಿನ್‌ನಿಂದ ಕೆಲವು ಎಳೆ ಮಕ್ಕಳ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಬರಬಹುದು. ಒಗೆದು, ಎರಡು ದಿನ ಒಳ್ಳೆ ಬಿಸಿಲಲ್ಲಿ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ಹಾಕಿ. ಗುಳಿಗೆ ಬಿದ್ದಿದ್ದರೆ ಹುಡುಕಿ ತೆಗೆಯಿರಿ. ಪೆಪ್ಪರಮೆಂಟ್ ಅಂತ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಕುಲಾವಿಯ ದಾರ ಉದ್ದ ಇದ್ದರೆ ಕತ್ತರಿಸಿ.

ಆಮೇಲೆ ತಾಯಿ ಕಾರ್ಡ್ ತೆಗೆದು ನೋಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಈಗ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತ. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ, ಒಟ್ಟು ಮೂರು ಸಲ. ಒಂದು ತಪ್ಪಿದ್ದರೂ ಆಶಾ ಕಾರ್ಯಕರ್ತೆಯನ್ನು ಕೇಳಿ ಈಗಲೇ ಹಾಕಿಸಿ. ಚಳಿಗಾಲದ ವಾಂತಿ ಬೇಧಿಗೆ ಕಾರಣವಾಗುವ ರೋಟಾ ವೈರಸ್ಸಿಗೂ ಲಸಿಕೆ ಇದೆ, ಬಾಯಿಗೆ ಹಾಕುತ್ತಾರೆ. ಅದು 6, 10, 14ನೇ ವಾರದಲ್ಲಿ. ಫ್ಲೂ ಲಸಿಕೆಗೆ ಮಾತ್ರ ಖಾಸಗಿಯಲ್ಲಿ ದುಡ್ಡು ಕೊಡಬೇಕು. ಆರು ತಿಂಗಳು ತುಂಬಿದ ಮೇಲೆ ಹಾಕಿಸಬಹುದು. ಉಬ್ಬಸ ಇರುವ ಮಗುವಿಗೆ ಹಾಕಿಸಿದರೆ ಒಳ್ಳೆಯದು.

ಇನ್ನೊಂದು ಸಣ್ಣ ಕೆಲಸ. ಅಂಗನವಾಡಿಯಲ್ಲಿ ಮಗುವಿನ ತೂಕ ನೋಡಿಸಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿಡಿ. ರಾತ್ರಿ ಹನ್ನೆರಡಕ್ಕೆ ಜ್ವರ ಬಂದಾಗ ಔಷಧಿ ಎಷ್ಟು ಕೊಡಬೇಕು ಅನ್ನುವುದು ವಯಸ್ಸಿಗಿಂತ ತೂಕದ ಮೇಲೆ ನಿಂತಿರುತ್ತದೆ. ಒಂದು ಡಿಜಿಟಲ್ ಥರ್ಮಾಮೀಟರ್, ನಾಲ್ಕು ಓ.ಆರ್.ಎಸ್. ಪೊಟ್ಟಣ, ಮೂಗಿಗೆ ಹಾಕುವ ಉಪ್ಪುನೀರಿನ ಡ್ರಾಪ್ಸ್, ಡಾಕ್ಟರ್ ಬರೆದುಕೊಟ್ಟ ಜ್ವರದ ಔಷಧಿ. ಮನೆಯಲ್ಲಿ ಇಷ್ಟಿದ್ದರೆ ಸಾಕು.

ಸ್ನಾನ: ಇಲ್ಲೇ ಜಾಸ್ತಿ ಎಚ್ಚರ ಬೇಕು

ಪುಟ್ಟ ಮಗುವಿಗೆ ಚಳಿಗಾಲದಲ್ಲಿ ದಿನಾ ತಲೆಗೆ ನೀರು ಹಾಕಲೇಬೇಕು ಅಂತೇನೂ ಇಲ್ಲ. ವಾರಕ್ಕೆ ಎರಡು ಮೂರು ಸಲ ಪೂರ್ತಿ ಸ್ನಾನ ಸಾಕು. ಮಿಕ್ಕ ದಿನ ಉಗುರು ಬೆಚ್ಚನೆ ನೀರಲ್ಲಿ ಬಟ್ಟೆ ಅದ್ದಿ ಮುಖ, ಕತ್ತು, ಕಂಕುಳು, ತೊಡೆಸಂದು ಒರೆಸಿದರೆ ಆಯಿತು. ತೂಕ ಕಮ್ಮಿ ಹುಟ್ಟಿದ ಕೂಸಿಗೆ ಯಾವಾಗ ಸ್ನಾನ ಶುರು ಮಾಡಬೇಕು ಅಂತ ಡಾಕ್ಟರನ್ನೇ ಕೇಳಿ. ಅಂಥ ಕೂಸಿಗೆ ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗಿಸಿ ಮಲಗಿಸುವುದಕ್ಕಿಂತ ಒಳ್ಳೆ ಬಿಸಿ ಬೇರೊಂದಿಲ್ಲ.

ಹೊತ್ತು ಬದಲಾಯಿಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಮಂಜಿನಲ್ಲಿ ಎರೆಯುವ ಬದಲು ಹತ್ತು ಹನ್ನೊಂದು ಗಂಟೆಗೆ, ಬಿಸಿಲು ಏರಿದ ಮೇಲೆ ಎರೆಯಿರಿ. ಟವೆಲ್ಲು, ಬಟ್ಟೆ, ಎಣ್ಣೆ ಎಲ್ಲ ಮೊದಲೇ ಹತ್ತಿರ ಇಟ್ಟುಕೊಳ್ಳಿ. ಮಗುವನ್ನು ಬಚ್ಚಲಲ್ಲಿ ಬಿಟ್ಟು ಟವೆಲ್ ತರೋಕೆ ಹೋಗುವ ಹಾಗೆ ಇರಬಾರದು.

ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ಯಾವತ್ತೂ ತಪ್ಪಬಾರದು. ಹಂಡೆಯ ಕುದಿಯುವ ನೀರನ್ನು ಮೊದಲು ಸುರಿದು, ತಣ್ಣೀರು ತರೋಕೆ ಅಂತ ತಿರುಗಿದ ಆ ಒಂದು ನಿಮಿಷದಲ್ಲೇ ಅಂಬೆಗಾಲಿಡುವ ಮಗು ಬಕೆಟ್ಟಿಗೆ ಕೈ ಹಾಕುತ್ತದೆ. ನೀರು ಹದ ಆಯಿತಾ ಅಂತ ಅಂಗೈಯಲ್ಲಿ ನೋಡಬೇಡಿ. ಪಾತ್ರೆ ತಿಕ್ಕಿ, ಒಲೆ ಮುಂದೆ ನಿಂತು ನಮ್ಮ ಅಂಗೈ ಗಟ್ಟಿಯಾಗಿರುತ್ತದೆ. ಮೊಣಕೈ ಅದ್ದಿ ನೋಡಿ. ಅಲ್ಲಿಗೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಹೀಟರ್ ರಾಡ್ ಹಾಕಿದ ಬಕೆಟ್ ಇರುವ ಕಡೆ ಮಗು ಇರಲೇಬಾರದು. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದ ಮೇಲೇ ನೀರು ಮುಟ್ಟಿ.

ಅಕಸ್ಮಾತ್ ಸುಟ್ಟರೆ ತಕ್ಷಣ ನಲ್ಲಿಯ ಸಾಮಾನ್ಯ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ದೊಡ್ಡ ಗಾಯವಾದರೆ ಮೈ ಉಳಿದ ಭಾಗ ಬೆಚ್ಚಗಿರಲಿ. ಟೂತ್‌ಪೇಸ್ಟು, ತುಪ್ಪ, ಇಂಕು, ಅರಿಶಿನ ಏನೂ ಹಚ್ಚಬೇಡಿ. ಒಗೆದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡಿ.

ಗ್ಯಾಸ್ ಗೀಸರ್ ಇರುವ ಮನೆಯವರು ದಯವಿಟ್ಟು ಇದನ್ನು ಗಮನಿಸಿ. ಗೀಸರ್ ಬಚ್ಚಲು ಮನೆಯ ಒಳಗೇ ಇದ್ದು, ಚಳಿ ಅಂತ ಕಿಟಕಿಯನ್ನೂ ಮುಚ್ಚಿದರೆ, ಒಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿ ಬೀಳುವವರೆಗೂ ಗೊತ್ತಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ಹೀಗೆ ತಾಯಿ ಮಕ್ಕಳು ಜೀವ ಕಳೆದುಕೊಂಡಿದ್ದಾರೆ. ಗೀಸರನ್ನು ಬಚ್ಚಲಿನ ಹೊರಗೆ ಹಾಕಿಸಿ. ಅಲ್ಲಿವರೆಗೆ ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದು ಗಾಳಿ ಆಡಿದ ಮೇಲೆ ಮಗುವನ್ನು ಒಳಗೆ ಕರೆದುಕೊಂಡು ಹೋಗಿ.

ಎಣ್ಣೆ ಹಚ್ಚುವುದು ಒಳ್ಳೆ ಪದ್ಧತಿ. ಕೊಬ್ಬರಿ ಎಣ್ಣೆ ಸಾಕು. ಮೂಗಿಗೆ, ಕಿವಿಗೆ, ಹೊಕ್ಕುಳಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ನ್ಯುಮೋನಿಯಾ ಬರಬಹುದು. ಸ್ನಾನ ಆದ ಮೇಲೆ ಮೈ ಒರೆಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಮತ್ತೊಮ್ಮೆ ತೆಳ್ಳಗೆ ಎಣ್ಣೆ ಸವರಿದರೆ ಚರ್ಮ ಒಡೆಯುವುದಿಲ್ಲ. ಸೋಪು ಕಮ್ಮಿ ಬಳಸಿ.

ಇನ್ನು ಸಾಂಬ್ರಾಣಿ. ಎರೆದ ಮೇಲೆ ಕೂಸಿನ ತಲೆಗೆ ಧೂಪ ಹಿಡಿಯದಿದ್ದರೆ ಶೀತ ಆಗುತ್ತದೆ ಅಂತ ಅಜ್ಜಿಯರಿಗೆ ಬಲವಾದ ನಂಬಿಕೆ. ಅದರ ಹಿಂದಿರುವುದು ಪ್ರೀತಿಯೇ. ಹಾಗಂತ ಆ ಹೊಗೆ ಎಳೆ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ಮೂಗು ಕಟ್ಟುತ್ತದೆ, ಕೆಮ್ಮು ಬರುತ್ತದೆ, ಉಬ್ಬಸದ ಮಗುವಿಗೆ ಉಸಿರೇ ಸಿಕ್ಕಿಕೊಳ್ಳುತ್ತದೆ. ಜಗಳ ಬೇಡ. "ಅತ್ತೆ, ಧೂಪ ದೇವರ ಮನೆಗೆ ಹಾಕಿ. ಪಾಪು ತಲೆ ನೀವೇ ಒರೆಸಿಕೊಡಿ, ಬಿಸಿಲಲ್ಲಿ ಕೂತು ಒಣಗಿಸೋಣ" ಅಂದು ನೋಡಿ. ಕೆಲಸ ಅವರ ಕೈಯಲ್ಲೇ ಇದ್ದರೆ ಒಪ್ಪಿಕೊಳ್ಳುತ್ತಾರೆ.

ಬಟ್ಟೆ ಎಷ್ಟು ಹಾಕಬೇಕು?

ನಿಮಗೆ ಎಷ್ಟು ಬೇಕೋ ಅದಕ್ಕಿಂತ ಒಂದು ಪದರ ಜಾಸ್ತಿ. ಅಷ್ಟೇ. ಒಳಗೆ ಹತ್ತಿ ಬಟ್ಟೆ, ಮೇಲೆ ಸ್ವೆಟರು. ಉಣ್ಣೆ ನೇರ ಮೈಗೆ ತಾಗಿದರೆ ಕಡಿತ ಬರುತ್ತದೆ. ಮಗುವಿನ ಕೈ ಕಾಲು ತಣ್ಣಗಿದೆ ಅಂತ ಇನ್ನೊಂದು ಸ್ವೆಟರ್ ಏರಿಸುತ್ತೇವೆ, ಅಲ್ವಾ? ಕೈ ಕಾಲು ಸ್ವಲ್ಪ ತಣ್ಣಗಿರುವುದು ಸಹಜ. ಕತ್ತಿನ ಹಿಂದೆ ಅಥವಾ ಎದೆಯ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಹತ್ತು ಗಂಟೆ ಆದ ಮೇಲೂ ಮಂಕಿ ಕ್ಯಾಪ್ ಹಾಕಿಕೊಂಡೇ ಆಡುವ ಮಕ್ಕಳು ಒಳಗೆಲ್ಲ ಬೆವರಿ, ಆ ಒದ್ದೆ ಬಟ್ಟೆಯಲ್ಲೇ ಸಂಜೆ ನಡುಗುತ್ತಾರೆ.

ಮಂಜು ಬೀಳುವ ದಿನ ಬಟ್ಟೆ ಒಣಗುವುದೇ ಇಲ್ಲ. ಅರ್ಧ ಒಣಗಿದ ಚಡ್ಡಿ ಹಾಕಬೇಡಿ, ಇಸ್ತ್ರಿ ಮಾಡಿ ಹಾಕಿ. ಒಂದೇ ರಗ್ಗಿನಲ್ಲಿ ನಾಲ್ಕು ಮಕ್ಕಳು ಮಲಗುವ ಮನೆಯಲ್ಲಿ ಬೆರಳ ಸಂದಿಯಲ್ಲಿ ಗುಳ್ಳೆ, ರಾತ್ರಿ ತುರಿಕೆ ಕಂಡರೆ ಅದು ಕಜ್ಜಿ ಇರಬಹುದು. ಡಾಕ್ಟರ್ ಕೊಡುವ ಔಷಧಿಯನ್ನು ಒಂದೇ ದಿನ ಮನೆಯವರೆಲ್ಲ ಹಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ.

ಬಿಸಿಲು

ಏಳು ಗಂಟೆಯ ಎಳೆ ಬಿಸಿಲು ಹಿತವಾಗಿರುತ್ತದೆ, ಆದರೆ ವಿಟಮಿನ್ ಡಿ ಅದರಿಂದ ಹೆಚ್ಚು ಸಿಗುವುದಿಲ್ಲ. ಕಿಟಕಿಯ ಗಾಜಿನೊಳಗಿಂದ ಬೀಳುವ ಬಿಸಿಲಿನಿಂದಲೂ ಸಿಗುವುದಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಹತ್ತು ಗಂಟೆ ಆದ ಮೇಲೆ ಅಂಗಳದಲ್ಲೋ ತಾರಸಿ ಮೇಲೋ ಕೈ ಕಾಲು ಬಿಟ್ಟು ಆಡಲು ಬಿಡಿ. ಎದೆಹಾಲು ಕುಡಿಯುವ ಕೂಸಿಗೆ ಇದು ಸಾಲದು. ಒಂದು ವರ್ಷದವರೆಗೆ ದಿನಾ 400 ಐ.ಯು. ವಿಟಮಿನ್ ಡಿ ಹನಿ ಹಾಕಲು ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿ.

ನಂದಿ ಬೆಟ್ಟದ ಸೂರ್ಯೋದಯಕ್ಕೆ ಕೈಗೂಸನ್ನು ಕರೆದುಕೊಂಡು ಹೋಗುವವರನ್ನು ನೋಡಿದರೆ ಸಂಕಟವಾಗುತ್ತದೆ. ಮೇಲೆ ಚಳಿಯ ಜೊತೆ ಗಾಳಿಯೂ ಬೀಸುತ್ತದೆ. ಮಕ್ಕಳಿದ್ದರೆ ಬಿಸಿಲೇರಿದ ಮೇಲೆ ಹೋಗಿ. ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಅಂಗಳ, ಕಲ್ಯಾಣಿ ನೋಡಿಕೊಂಡು ಬಂದರೂ ಮಕ್ಕಳಿಗೆ ಖುಷಿಯೇ. ಕಲ್ಯಾಣಿ ಹತ್ತಿರ ಮಾತ್ರ ಕೈ ಬಿಡಬೇಡಿ.

ಅವರೆಕಾಯಿ ಕಾಲದ ಊಟ

ಚಳಿ ಜೊತೆಗೇ ಅವರೆಕಾಯಿ ಬರುತ್ತದೆ. ಮೂಟೆಗಟ್ಟಲೆ ಸೊಗಡಿನ ಕಾಯಿ ಮನೆಗೆ ಬಂದ ಮೇಲೆ ಸಂಜೆ ಎಲ್ಲರೂ ಸುತ್ತ ಕೂತು ಸುಲಿಯುವುದೇ ಕೆಲಸ. ಮಕ್ಕಳನ್ನೂ ಕೂರಿಸಿಕೊಳ್ಳಿ. ಸುಲಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪಚಕ್ಕನೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾಲ್ಕೈದು ವರ್ಷದ ಮಕ್ಕಳು ಇದನ್ನು ಎಷ್ಟು ಹೊತ್ತು ಬೇಕಾದರೂ ಮಾಡುತ್ತಾರೆ. ಮೊಬೈಲ್ ನೆನಪೇ ಬರುವುದಿಲ್ಲ. ಬೆರಳಿಗೂ ಒಳ್ಳೆ ಅಭ್ಯಾಸ.

ಚಿಕ್ಕವರ ಮೇಲೆ ಕಣ್ಣಿರಲಿ. ಎರಡು ಮೂರು ವರ್ಷದವರು ಕಾಳನ್ನು ಮೂಗಿಗೆ ತುರುಕಿಕೊಳ್ಳುತ್ತಾರೆ. ಒಳಗೆ ಅದು ನೆನೆದು ಊದಿಕೊಳ್ಳುತ್ತದೆ. ಪಿನ್ನು, ಕಡ್ಡಿ ಹಾಕಿ ಕೀಳಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ನೇರ ಡಾಕ್ಟರ ಹತ್ತಿರ ಹೋಗಿ.

ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಏಳೆಂಟು ತಿಂಗಳ ಮಗುವಿಗೆ ಹಿತ್ಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ, ಅನ್ನದ ಜೊತೆ ಮಸೆದು, ಒಂದು ಚಮಚ ತುಪ್ಪ ಹಾಕಿ ತಿನ್ನಿಸಬಹುದು. ಸಿಪ್ಪೆ ಇರುವುದಿಲ್ಲ, ಹಾಗಾಗಿ ಹೊಟ್ಟೆ ಉಬ್ಬರ ಕಮ್ಮಿ. ಖಾರ, ಮಸಾಲೆ ಹಾಕುವ ಮೊದಲೇ ಮಗುವಿನ ಪಾಲು ಎತ್ತಿಡಿ. ವರ್ಷದೊಳಗಿನವರಿಗೆ ಉಪ್ಪು, ಬೆಲ್ಲ, ಸಕ್ಕರೆ ಬೇಡ. ಜೇನುತುಪ್ಪ ಅಂತೂ ನೆಕ್ಕಿಸಲೇಬೇಡಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಲ್ಲಿ ಬೆಳೆದು ಮೈ ಸೋತು ಹೋಗುವ ಕಾಯಿಲೆ ತರುತ್ತದೆ. ವರ್ಷ ದಾಟಿದ ಮೇಲೆ ಪರವಾಗಿಲ್ಲ.

ರಾಗಿ ಸರಿಗೆ ರಾಗಿ ಮೊಳಕೆ ಕಟ್ಟುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಒಂದು ದಿನದಲ್ಲಿ ಬರುವ ಮೊಳಕೆ ಈಗ ಎರಡು ದಿನ ತೆಗೆದುಕೊಳ್ಳುತ್ತದೆ. ಗಂಟನ್ನು ಅಡುಗೆ ಮನೆಯ ಬೆಚ್ಚನೆ ಮೂಲೆಯಲ್ಲಿಡಿ. ಲೋಳೆ, ಹುಳಿ ವಾಸನೆ ಬಂದರೆ ಆ ರಾಗಿ ಮಗುವಿಗೆ ಬೇಡ. ಬಿಸಿಲಲ್ಲಿ ಗರಿಗರಿ ಒಣಗಿದ ಮೇಲೇ ಬೀಸಿಸಿ.

ಶೀತ ಅಂತ ಬಾಳೆಹಣ್ಣು, ಸೀಬೆ, ಕಿತ್ತಳೆ, ಮೊಸರು ಎಲ್ಲ ನಿಲ್ಲಿಸಬೇಡಿ. ಹಣ್ಣಿನಿಂದ ನೆಗಡಿ ಬರುವುದಿಲ್ಲ. ನಿಲ್ಲಿಸಿದರೆ ಮಲಬದ್ಧತೆ ಬರುತ್ತದೆ. ಚಳಿಗೆ ನೀರು ಕುಡಿಯುವುದೂ ಕಮ್ಮಿ ಆಗಿರುತ್ತದೆ. ನಮ್ಮ ಕಡೆಯ ಕಪ್ಪು ದ್ರಾಕ್ಷಿಯನ್ನು ಇಡೀ ಕೊಡಬೇಡಿ. ಉದ್ದಕ್ಕೆ ಸೀಳಿ, ಬೀಜ ತೆಗೆದು ಕೊಡಿ.

ನೀರು ಕಾಯಿಸಿದರೆ ಮುಗಿಯಲಿಲ್ಲ

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಚಳಿಗಾಲದಲ್ಲಿ ಎಲ್ಲರೂ ನೀರು ಕಾಯಿಸಿ ಆರಿಸಿ ಮಕ್ಕಳಿಗೆ ಕೊಡುತ್ತೇವೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಸ್ವಲ್ಪ ಏರುತ್ತದೆ. ಒಸಡಿನೊಳಗೆ ಹೊಸ ಹಲ್ಲು ತಯಾರಾಗುವ ವಯಸ್ಸಲ್ಲಿ, ಅಂದರೆ ಎಂಟು ವರ್ಷದೊಳಗೆ, ಈ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಉಳಿದುಬಿಡುತ್ತದೆ. ಕುಡಿಯೋಕೆ, ಸರಿ ಕಾಯಿಸೋಕೆ, ಹಾಲಿನ ಪುಡಿ ಕಲಸೋಕೆ ಶುದ್ಧ ನೀರಿನ ಘಟಕದ ನೀರು ತನ್ನಿ. ಅದನ್ನು ಕಾಯಿಸಿ ಕೊಡಿ.

ರಾತ್ರಿ ಮಲಗಿಸುವಾಗ

ಬಾಣಂತಿ ಕೋಣೆಯಲ್ಲಿ ಕೆಂಡದ ಬಾಂಡ್ಲಿ ಇಟ್ಟು ಬಾಗಿಲು ಹಾಕುವುದನ್ನು ಬಿಡಲೇಬೇಕು. ಗ್ಯಾಸ್ ಗೀಸರಿನಿಂದ ಬರುವ ವಿಷ ಕೆಂಡದಿಂದಲೂ ಬರುತ್ತದೆ. ಹೊಗೆ ಕಾಣದಿದ್ದರೂ ಬರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ಸಾಕುವವರು ಹುಳುವಿನ ಮನೆಯನ್ನು ಚಳಿಗಾಲದಲ್ಲಿ 25 ಡಿಗ್ರಿಗೂ ಮೇಲೆ ಬೆಚ್ಚಗಿಡಬೇಕಾಗುತ್ತದೆ. ಅಲ್ಲಿ ಬೆಚ್ಚಗಿದೆ ಅಂತ ಮಕ್ಕಳನ್ನು ಮಲಗಿಸಬೇಡಿ. ಬಿಸಿ ಮಾಡಲು ಇಟ್ಟ ಒಲೆ ಇರುತ್ತದೆ, ಹುಳಕ್ಕೆ ರೋಗ ಬರದಿರಲಿ ಅಂತ ಹಾಕಿದ ಔಷಧಿಯ ಘಾಟೂ ಇರುತ್ತದೆ.

ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಗಾಳಿ ನೇರ ಮಗುವಿಗೆ ಬೀಸದ ಕಡೆ ಹಾಸಿಗೆ ಹಾಕಿ. ಸೊಳ್ಳೆಗೆ ಬತ್ತಿಯ ಬದಲು ಪರದೆ ಕಟ್ಟಿ. ಬೀಡಿ, ಸಿಗರೇಟು ಸೇದುವವರು ಹೊರಗೆ ಹೋಗಿ ಸೇದಿದರೂ ಬಟ್ಟೆಯಲ್ಲಿ ವಾಸನೆ ಹೊತ್ತು ಬರುತ್ತಾರೆ. ಶರ್ಟು ಬದಲಾಯಿಸಿ, ಕೈ ತೊಳೆದು ಮಗುವನ್ನು ಎತ್ತಿಕೊಳ್ಳಿ ಅಂತ ಕಟ್ಟುನಿಟ್ಟಾಗಿ ಹೇಳಿ.

ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಿ. ದಿಂಬು ಬೇಡ, ಭಾರದ ರಗ್ಗು ಬೇಡ, ಮಲಗಿದ ಮೇಲೆ ಕುಲಾವಿ ಬೇಡ. ಮುಖದ ಮೇಲೆ ಸರಿದರೆ ತೆಗೆದುಕೊಳ್ಳಲು ಕೂಸಿಗೆ ಬರುವುದಿಲ್ಲ. ಮೈತುಂಬ ಬಟ್ಟೆ, ಕಾಲಿಗೆ ಸಾಕ್ಸ್, ಬೇಕಾದರೆ ಎದೆಯವರೆಗೆ ತೆಳು ಹೊದಿಕೆ, ಅದರ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ.

ನೆಗಡಿ, ಕೆಮ್ಮು ಬಂದಾಗ

ಬಂದೇ ಬರುತ್ತದೆ. ಐದು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು. ಹೆಚ್ಚಿನವು ವಾರ, ಹತ್ತು ದಿನದಲ್ಲಿ ತಾವೇ ಹೋಗುತ್ತವೆ. ವೈರಸ್ಸಿನ ನೆಗಡಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ನೀವಾಗಿ ಕೇಳಿ ತರಬೇಡಿ.

ಕೂಸು ಹಾಲು ಕುಡಿಯಲು ಕಷ್ಟಪಡುವುದು ಮೂಗು ಕಟ್ಟಿರುವುದರಿಂದ. ಹಾಲು ಕೊಡುವ ಹತ್ತು ನಿಮಿಷ ಮೊದಲು ಎರಡೂ ಹೊಳ್ಳೆಗೆ ಎರಡೆರಡು ಹನಿ ಉಪ್ಪುನೀರಿನ ಡ್ರಾಪ್ಸ್ ಹಾಕಿ, ಮೆತ್ತನೆ ಬಟ್ಟೆಯ ತುದಿ ಸುರುಳಿ ಮಾಡಿ ಒರೆಸಿ. ಒಂದು ಸಲಕ್ಕೆ ಕಮ್ಮಿ ಕುಡಿದರೆ ಪದೇ ಪದೇ ಕುಡಿಸಿ.

ಕೆಮ್ಮಿನ ಸಿರಪ್ಪಿನ ವಿಷಯದಲ್ಲಿ ತುಂಬಾ ಹುಷಾರು. 2025ರಲ್ಲಿ ಮಧ್ಯಪ್ರದೇಶದಲ್ಲಿ ಕಲಬೆರಕೆ ಸಿರಪ್ ಕುಡಿದ ಮಕ್ಕಳು ತೀರಿಕೊಂಡ ಮೇಲೆ ಕೇಂದ್ರ ಆರೋಗ್ಯ ಇಲಾಖೆ ಮತ್ತೆ ಎಚ್ಚರಿಸಿದೆ. ಎರಡು ವರ್ಷದೊಳಗಿನವರಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಲೇಬಾರದು. ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ. ವರ್ಷ ದಾಟಿದ ಮಗುವಿಗೆ ರಾತ್ರಿ ಮಲಗುವ ಮುಂಚೆ ಅರ್ಧ ಚಮಚ ಜೇನು, ಬೆಚ್ಚನೆ ನೀರು ಕೊಟ್ಟರೆ ಗಂಟಲಿಗೆ ಹಿತ.

ಎದೆಗೆ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮ ಕಡೆ ಮನೆ ಮನೆಯಲ್ಲೂ ಇದೆ. ಎರಡು ವರ್ಷದೊಳಗಿನವರಿಗೆ ಬೇಡವೇ ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಹೊಟ್ಟೆಗೆ ಸ್ವಲ್ಪ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಎದೆಗೆ ಹಚ್ಚಿದ್ದು ಕೈಗೆ, ಕೈಯಿಂದ ಬಾಯಿಗೆ ಹೋಗಲು ಎಷ್ಟು ಹೊತ್ತು? ಕುದಿಯುವ ನೀರಿನ ಪಾತ್ರೆಗೆ ಮಗುವನ್ನು ಬಗ್ಗಿಸಿ ಹಬೆ ಹಿಡಿಸುವುದೂ ಅಪಾಯ.

ಜ್ವರ 100.4 ಡಿಗ್ರಿ ದಾಟಿ ಮಗು ಸಂಕಟಪಡುತ್ತಿದ್ದರೆ ಪ್ಯಾರಸಿಟಮಾಲ್. ಇಲ್ಲಿ ಬಾಟಲಿ ಓದುವುದು ಮುಖ್ಯ. ಡ್ರಾಪ್ಸ್ ಆದರೆ ಸಾಮಾನ್ಯವಾಗಿ 1 ಎಂ.ಎಲ್.ನಲ್ಲೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಒಂದು ಬಗೆಯದಕ್ಕೆ 5 ಎಂ.ಎಲ್.ಗೆ 120 ಅಥವಾ 125, ಇನ್ನೊಂದಕ್ಕೆ 250. ಹೋದ ಸಲ 5 ಎಂ.ಎಲ್. ಕೊಟ್ಟಿದ್ದೆವು ಅಂತ ಬೇರೆ ಬಾಟಲಿಯಿಂದ ಅಷ್ಟೇ ಕೊಟ್ಟರೆ ಎರಡರಷ್ಟು ಆಗಿಹೋಗುತ್ತದೆ. ಡ್ರಾಪ್ಸ್ ಬಾಟಲಿಯಿಂದ ಚಮಚದಲ್ಲಿ ಕೊಟ್ಟರಂತೂ ನಾಲ್ಕರಷ್ಟು. ಈಗಿನ ತೂಕಕ್ಕೆ, ಮನೆಯಲ್ಲಿರುವ ಇದೇ ಬಾಟಲಿಯಲ್ಲಿ ಎಷ್ಟು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬಾಟಲಿಗೇ ಅಂಟಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಉಸಿರು ಎಣಿಸುವುದು. ಪ್ರತಿ ಅಪ್ಪ ಅಮ್ಮನಿಗೂ ಇದು ಬರಬೇಕು. ಮಗು ನಿದ್ದೆಯಲ್ಲಿರುವಾಗ ಅಥವಾ ಅಳದೆ ಸುಮ್ನೆ ಮಡಿಲಲ್ಲಿರುವಾಗ ಅಂಗಿ ಎತ್ತಿ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಹಾಕಿ. ಹೊಟ್ಟೆ ಒಂದು ಸಲ ಮೇಲೆ ಬಂದು ಇಳಿದರೆ ಒಂದು. ಪೂರ್ತಿ ಅರವತ್ತು ಸೆಕೆಂಡ್ ಎಣಿಸಿ. ಎಳೆ ಕೂಸು ಒಂದೇ ಸಮ ಉಸಿರಾಡುವುದಿಲ್ಲ, ಹಾಗಾಗಿ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ವರ್ಷದೊಳಗಿನವರಿಗೆ 50, ಒಂದರಿಂದ ಐದು ವರ್ಷದವರಿಗೆ 40 ಇದ್ದರೆ ನ್ಯುಮೋನಿಯಾ ಇರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ. ಹಾಗೇ ಪಕ್ಕೆ ನೋಡಿ. ಉಸಿರು ಒಳಗೆ ಎಳೆದುಕೊಳ್ಳುವಾಗ ಎದೆಗೂಡಿನ ಕೆಳಭಾಗ ಗುಳಿ ಬೀಳುತ್ತಿದ್ದರೆ ತಡ ಮಾಡಬೇಡಿ.

ತುಟಿ ನೀಲಿಯಾದರೆ, ಹಾಲು ನೀರು ಏನೂ ಕುಡಿಯದಿದ್ದರೆ, ಕರೆದರೂ ಕಣ್ಣು ಬಿಡದಷ್ಟು ಮಂಕಾದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಜ್ವರ ಬಂದರೆ ಬೇರೆ ಲಕ್ಷಣ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಆಶಾ ಕಾರ್ಯಕರ್ತೆಯರಿಗೆ ಉಸಿರು ಎಣಿಸುವ ತರಬೇತಿ ಇರುತ್ತದೆ. ನಿಮಗೆ ಅನುಮಾನವಿದ್ದರೆ ಅವರನ್ನು ಕರೆದು ಜೊತೆಗೆ ಕೂತು ಎಣಿಸಿ.

ವಾಂತಿ, ಬೇಧಿ

ಓ.ಆರ್.ಎಸ್. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ, ಅರ್ಧ ಅಲ್ಲ. ಎರಡು ವರ್ಷದೊಳಗಿನವರಿಗೆ ಪ್ರತಿ ಬೇಧಿ ಆದ ಮೇಲೆ 50ರಿಂದ 100 ಎಂ.ಎಲ್., ಚಮಚ ಚಮಚವಾಗಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಜೊತೆಗೆ ಡಾಕ್ಟರ್ ಹೇಳಿದಂತೆ ಸತುವಿನ ಮಾತ್ರೆ, ಅಂದರೆ ಜಿಂಕ್, 14 ದಿನ. ಬೇಧಿ ನಿಂತಿತು ಅಂತ ಮೂರನೇ ದಿನಕ್ಕೆ ಬಿಡಬೇಡಿ. ಅಂಗಡಿಯ ಸಿಹಿ ಜ್ಯೂಸಿನ ಡಬ್ಬ ಓ.ಆರ್.ಎಸ್. ಅಲ್ಲ. ಎದೆಹಾಲು, ಊಟ ನಿಲ್ಲಿಸಬೇಡಿ. ಕಣ್ಣು ಗುಳಿ ಬಿದ್ದು, ಆರು ಗಂಟೆ ಆದರೂ ಮೂತ್ರ ಹೋಗದಿದ್ದರೆ ಆಸ್ಪತ್ರೆ.

ಬೈಕಿನಲ್ಲಿ ಹೊರಟರೆ

ಹೈವೇಯಲ್ಲಿ ಬೆಳಿಗ್ಗೆ ಎಂಟಾದರೂ ಮಂಜು ಕರಗಿರುವುದಿಲ್ಲ. ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡರೆ ಗಾಳಿಯೆಲ್ಲ ಅದರ ಎದೆಗೇ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಬೆಲ್ಟು ಕಡ್ಡಾಯ, ವೇಗ 40 ಕಿಲೋಮೀಟರ್ ದಾಟಬಾರದು ಅಂತ 2023ರಿಂದ ನಿಯಮವಿದೆ. ಮಂಜಿದ್ದಾಗ ಹೊರಡುವುದನ್ನೇ ಮುಂದಕ್ಕೆ ಹಾಕಿ, ಅಥವಾ ಬಸ್ಸಿಗೆ ಹೋಗಿ.

ಸಂಕ್ರಾಂತಿ ದಿನ

ಎಳ್ಳು ಬೀರೋಕೆ ಹೊಸ ಲಂಗ ಹಾಕಿಕೊಂಡು ಹೊರಟ ಮಕ್ಕಳನ್ನು ನೋಡುವುದೇ ಚೆಂದ. ಆದರೆ ಎಳ್ಳು ಬೆಲ್ಲದ ಮಿಶ್ರಣದಲ್ಲಿರುವ ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಅಚ್ಚು ಎಲ್ಲವೂ ಪುಟ್ಟ ಗಂಟಲಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆ. ಐದು ವರ್ಷದೊಳಗಿನವರ ಪಾಲನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ. ಓಡುತ್ತಾ, ನಗುತ್ತಾ ತಿನ್ನುವುದು ಬೇಡ. ಗೆಣಸು ಮಸೆದು ಕೊಡಿ, ಬೆಂದ ಕಡಲೆಕಾಯಿಯನ್ನೂ ಮಸೆದೇ ಕೊಡಿ. ಕರಿ ಎರೆಯುವಾಗ ತಲೆ ಮೇಲಿಂದ ಬಿದ್ದ ಎಳಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲವನ್ನೂ ತಕ್ಷಣ ಆರಿಸಿ ಎತ್ತಿಡಿ. ಸೋಫಾ ಕೆಳಗೆ ಸೇರಿದ ಒಂದು ರೂಪಾಯಿ ನಾಳೆ ಮಗುವಿನ ಬಾಯಲ್ಲಿರುತ್ತದೆ.

ಗಂಟಲಿಗೆ ಸಿಕ್ಕಿ ಕೆಮ್ಮಲೂ ಆಗದಿದ್ದರೆ ಬಾಯಿಗೆ ಬೆರಳು ಹಾಕಿ ತಡಕಬೇಡಿ. ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು, ತಲೆ ಕೆಳಗೆ ಮಾಡಿ ಹಿಡಿದು, ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ತಟ್ಟಿ. ಬರದಿದ್ದರೆ ಅಂಗಾತ ಮಾಡಿ ಎದೆ ಮಧ್ಯೆ ಎರಡು ಬೆರಳಿಂದ ಐದು ಸಲ ಒತ್ತಿ. ದೊಡ್ಡ ಮಗುವಾದರೆ ಬೆನ್ನಿಗೆ ಐದು ಸಲ ತಟ್ಟಿ, ಆಮೇಲೆ ಹಿಂದೆ ನಿಂತು ಹೊಕ್ಕುಳ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಗೆ, ಮೇಲಕ್ಕೆ ಐದು ಸಲ ಒತ್ತಿ. ಹೊರಗೆ ಬರುವವರೆಗೆ ಇದೇ ರೀತಿ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಕಡೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೂರದಿಂದ ತೋರಿಸಿ. ಗಾಳಿ ನಿಮ್ಮ ಬೆನ್ನಿಗಿರಲಿ, ಹೊಗೆ ಆ ಕಡೆ ಹೋಗಲಿ. ಅವತ್ತು ನೈಲಾನ್, ಸಿಂಥೆಟಿಕ್ ಬಟ್ಟೆ ಬೇಡ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಬೀದಿಯಲ್ಲಿ ಎಲೆ, ಟೈರು ಸುಟ್ಟು ಚಳಿ ಕಾಯಿಸುವ ಗುಂಪಿನ ಹತ್ತಿರವೂ ಇದೇ ಮಾತು.

ಹಬ್ಬ ಕಳೆದ ಮೇಲೆ

ಫೆಬ್ರವರಿಯಲ್ಲಿ ಮಧ್ಯಾಹ್ನ ಸೆಕೆ, ರಾತ್ರಿ ಇನ್ನೂ ಚಳಿ. ಅಂಗನವಾಡಿಗೆ ಹೋಗುವ ಮಗುವಿಗೆ ಸ್ವೆಟರ್ ತಾನೇ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುವುದನ್ನು ಕಲಿಸಿ. ಈ ಹೊತ್ತಿಗೇ ಮಕ್ಕಳಿಗೆ ಅಮ್ಮ, ಅಂದರೆ ಸೀತಾಳೆ, ಶುರುವಾಗುತ್ತದೆ. ಬೇವಿನ ಸೊಪ್ಪು ಇಟ್ಟುಕೊಳ್ಳಿ, ಪೂಜೆ ಮಾಡಿ, ಜೊತೆಗೆ ಡಾಕ್ಟರಿಗೂ ತೋರಿಸಿ. ಉಗುರು ಕತ್ತರಿಸಿ. ಉಗುರು ಬೆಚ್ಚನೆ ನೀರಲ್ಲಿ ಮೈ ತೊಳೆಯುವುದರಿಂದ ತೊಂದರೆಯಿಲ್ಲ, ತುರಿಕೆಯೂ ಕಮ್ಮಿ ಆಗುತ್ತದೆ. ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ. ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗು ಮನೆಯಲ್ಲೇ ಇರಲಿ. ಮನೆಯಲ್ಲೋ ಪಕ್ಕದಲ್ಲೋ ಬಸುರಿ ಹೆಂಗಸು ಅಥವಾ ಎಳೆ ಕೂಸು ಇದ್ದರೆ ಅವರನ್ನು ದೂರ ಇಡಿ. ಈಗಾಗಲೇ ಹತ್ತಿರ ಬಂದಿದ್ದರೆ ಅವರ ಡಾಕ್ಟರಿಗೆ ಅವತ್ತೇ ತಿಳಿಸಿ.